ಐದನೆಯ ಗೂಡಿನ ಹಾಳೆ

ಸತ್ತು ಆರು ವಾರವಾಗಿದ್ದ ಮನುಷ್ಯ ಆ ಬೆಳಿಗ್ಗೆ ಬಿಯರಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದ.

ಹಾಳೆಯ ತಲೆಯಲ್ಲಿ ‘ಗೂಡು ಐದು’ ಎಂದು ಅಚ್ಚಾಗಿತ್ತು. ಅದರ ಕೆಳಗೆ ದಪ್ಪ ಕೆಂಪಕ್ಷರ. ಕೈ ನಡುಗಿದಂತೆ ಓರೆಕೋರೆ. ಒಂದು ಸಾಲು ಇನ್ನೊಂದರ ಮೈಮೇಲೆ ಬಿದ್ದಿತ್ತು. ‘ಬೆಣ್ಣೆ ವಾಸನೆ. ಬೇಗ ಎಬ್ಬಿಸಿದ್ದೀರಿ. ಇನ್ನೂ ನಾಲ್ಕು ದಿನ ಮಲಗಬೇಕಿತ್ತು.’

ರುಚಿ ಕೋಣೆಯ ಮೇಲ್ವಿಚಾರಕಿ ಹಾಳೆಯನ್ನು ಮತ್ತೊಮ್ಮೆ ಓದಿದಳು. ಮೇಜು ಹಿಡಿದು ನಿಂತಳು. ಎರಡು ನಿಮಿಷದ ಹಿಂದೆ ಒಳಗಿನಿಂದ ಆ ಹಾಳೆಯನ್ನು ಎತ್ತಿಕೊಂಡು ಬಂದವಳು ಅವಳೇ. ಆಗ ಅದು ಖಾಲಿ ಇತ್ತು. ಖಾಲಿ ಇತ್ತೆಂದು ಯಾರ ಮೇಲೆ ಬೇಕಾದರೂ ಆಣೆ ಇಡಲು ತಯಾರಿದ್ದಳು. ಐದನೆಯ ಗೂಡಿನಲ್ಲಿಟ್ಟ ಗ್ಲಾಸು ತುಂಬಿದ್ದು ತುಂಬಿದಂತೆಯೇ ಇತ್ತು. ಮೇಲಿನ ನೊರೆ ಮಾತ್ರ ಇಳಿದುಹೋಗಿತ್ತು.

ಇದು ಮೂರನೆಯ ಸಲ.

ಮಧ್ಯಾಹ್ನದ ಹೊತ್ತಿಗೆ ಅವಳ ಸೋದರಮಾವ ಕಾರ್ಖಾನೆಯ ಗೇಟಿನಲ್ಲಿ ಚಪ್ಪಲಿಯ ಧೂಳು ಕೊಡವುತ್ತ ನಿಂತಿದ್ದರು. ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಪರೀಕ್ಷೆಯ ಸ್ಕ್ವಾಡಿನಲ್ಲಿದ್ದು ಕಾಪಿ ಹಿಡಿದವರು. ತೋಳಿನ ಮಡಿಕೆ, ಬೂಟಿನ ಹಿಮ್ಮಡಿ, ನೀರಿನ ಬಾಟಲಿಯ ಲೇಬಲ್ಲಿನ ಒಳಮೈ—ಅವರ ಕಣ್ಣು ತಪ್ಪಿಸಿ ಬದುಕಿದ ಚೀಟಿಯೇ ಇಲ್ಲ. ಬಿಯರನ್ನು ಮಾತ್ರ ಜನ್ಮದಲ್ಲಿ ಮುಟ್ಟಿದವರಲ್ಲ. ಅಂಥವರನ್ನು ಬಿಯರು ಕಾರ್ಖಾನೆಯ ಪತ್ತೇದಾರಿಕೆಗೆ ಕರೆಸಿಕೊಳ್ಳಬೇಕಾದರೆ ಅಕ್ಕನ ಮಗಳಿಗೆ ಎಂಥ ಗತಿ ಬಂದಿರಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ಲೆಕ್ಕ ಹಾಕಿದ್ದರು.

ಗತಿ ನಿಜವಾಗಿಯೂ ಕೆಟ್ಟಿತ್ತು. ಅವಳು ಅಳದೆ ಎಲ್ಲ ಹೇಳಿದಳು.

ಆ ಕಾರ್ಖಾನೆಯಲ್ಲಿ ತಯಾರಾಗುವುದು ಒಂದೇ ಮಾಲು—ಬೆಲ್ಜಿಯಂ ಶೈಲಿಯ, ಜೇನಿನ ಬಣ್ಣದ ಆಂಬರ್ ಬಿಯರ್. ದಿನಕ್ಕೆ ಸಾವಿರಾರು ಪೆಟ್ಟಿಗೆ. ಬಾಟಲಿಯ ಮೇಲೆ ಹಳೆಯ ಗಡಿಯಾರ ಗೋಪುರದ ಚಿತ್ರ. ಬೆಲ್ಜಿಯಂ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇಡೀ ಕಾರ್ಖಾನೆ ಮೇಲೆ ಕೆಳಗೆ ನೋಡುತ್ತದೆ. ಹುದುಗಿದ ಬಿಯರನ್ನು ತಣ್ಣನೆ ಕೋಣೆಯ ಟ್ಯಾಂಕುಗಳಲ್ಲಿ ಇಪ್ಪತ್ತೊಂದು ದಿನ ಸುಮ್ಮನೆ ಬಿಡುತ್ತಾರೆ. ಅಲ್ಲಿನವರ ಮಾತಿನಲ್ಲಿ ಅದು ‘ಮಲಗಿಸುವುದು’. ಆಮೇಲೆ ಹೊರತೆಗೆಯುವುದು ‘ಎಬ್ಬಿಸುವುದು’. ಎಬ್ಬಿಸಿದ ಟ್ಯಾಂಕು ಬಾಟಲಿಗೆ ಹೋಗುವ ಮುಂಚೆ ಬೆಳಿಗ್ಗೆ ಹನ್ನೊಂದಕ್ಕೆ ಐದು ಜನ ರುಚಿ ನೋಡಿ ಹಾಳೆ ತುಂಬುತ್ತಾರೆ. ಆ ಹಾಳೆಗಳನ್ನು ಹಂಚಿ, ಕೂಡಿಸಿ, ಸರಾಸರಿ ತೆಗೆದು, ಜೋಪಾನ ಮಾಡುವವಳು ಇವಳು. ಹಾಗಾಗಿ ಎಲ್ಲರ ಬಾಯಲ್ಲಿ ಹಾಳೆಯಮ್ಮ.

ಐದರಲ್ಲಿ ಐದನೆಯವರು ನೊರೆಯಜ್ಜ. ಗ್ಲಾಸಿನ ನೊರೆ ನೋಡಿಯೇ ಅರ್ಧ ಜಾತಕ ಹೇಳುತ್ತಿದ್ದ ಮುದುಕ. ಹಾಳೆಯಮ್ಮನಿಗೆ ಈ ಕೆಲಸ ಕಲಿಸಿದವರು, ಕೆಲಸಕ್ಕೆ ಸೇರಿಸಿದವರು, ಅಪ್ಪನಿಲ್ಲದ ಹುಡುಗಿಗೆ ಅಪ್ಪನ ಹಾಗೆ ಇದ್ದವರು. ಆರು ವಾರದ ಹಿಂದೆ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಐದನೆಯ ಗೂಡಿಗೆ ಗ್ಲಾಸು, ಹಾಳೆ ಇಡುವುದನ್ನು ಬಿಡಲು ಇವಳಿಗೂ ಮನಸ್ಸು ಬರಲಿಲ್ಲ. ಅವರ ಕೋಟು ಇನ್ನೂ ಮೊಳೆಯಲ್ಲಿ ನೇತಾಡುತ್ತಿತ್ತು.

ಮೊದಲನೆಯ ಹಾಳೆ ಸಿಕ್ಕಾಗ ಹಳೆಯದೇನೋ ಸೇರಿಕೊಂಡಿದೆ ಎಂದು ಮಡಿಸಿಟ್ಟಳು. ಎರಡನೆಯದನ್ನು ಲ್ಯಾಬಿನವಳಿಗೆ ತೋರಿಸಿದಳು. ಅಲ್ಲಿಂದ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಅಜ್ಜ ಬರುತ್ತಾರಂತೆ, ಕುಡಿಯದೆ ರುಚಿ ಹೇಳುತ್ತಾರಂತೆ. ಲೋಡು ಮಾಡುವವರು ಆ ಪೆಟ್ಟಿಗೆಗಳನ್ನು ಮುಟ್ಟಲು ಹಿಂದೆಮುಂದೆ ನೋಡಿದರು. ಮೂರನೆಯದು ಬರುವಷ್ಟರಲ್ಲಿ ವಿಷಯ ಮ್ಯಾನೇಜರ್ ಮೇಜಿಗೆ ಹೋಗಿತ್ತು. ಬಿಯರು ತಯಾರಿಕೆಯ ಯಜಮಾನರಾದ ಬ್ರೂಮಾಸ್ಟರ್ ಅಲ್ಲೇ ಕೂತು ಬೆರಳು ಮಡಿಸಿ ಎಣಿಸಿದರಂತೆ—ಹಾಳೆ ಇಡುವವಳು ಇವಳು, ತರುವವಳು ಇವಳು, ಕೆಂಪು ಪೆನ್ಸಿಲ್ ಇರುವುದು ಇವಳ ಹತ್ತಿರ, ಅಜ್ಜನ ಅಕ್ಷರ ಅಂಗೈ ಗೆರೆಯಷ್ಟು ಪರಿಚಯವಿರುವುದು ಇವಳಿಗೆ. ನಾಳೆ ಹನ್ನೊಂದರ ಒಳಗೆ ಯಾರು ಬರೆದದ್ದೆಂದು ಗೊತ್ತಾಗದಿದ್ದರೆ ರಾಜೀನಾಮೆ ಕೊಟ್ಟು ಹೋಗಬೇಕು, ಕಳ್ಳ ಬರವಣಿಗೆ ಮಾಡಿದಳೆಂದು ಪತ್ರದಲ್ಲಿ ದಾಖಲಾಗುತ್ತದೆ ಎಂದು ಮ್ಯಾನೇಜರ್ ಗಡುವು ಕೊಟ್ಟಿದ್ದರು.

“ನೀನು ಬರೆದ್ಯಾ, ಪುಟ್ಟಿ?” ಮೇಷ್ಟ್ರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ.

“ಇಲ್ಲ ಮಾವ.”

“ಮತ್ತೆ ಯಾರು ಬರೆದ್ರು ಅಂತೀಯ?”

ಮೂವತ್ತೆಂಟು ವರ್ಷದ ಹೆಂಗಸು, ಕಣ್ಣು ತಗ್ಗಿಸಿ ಸೆರಗಿನ ಅಂಚು ಮಡಿಸುತ್ತಿದ್ದಳು. ಹೆದರಿದವರ ಮುಖ ಮೇಷ್ಟ್ರು ಬೇಕಾದಷ್ಟು ನೋಡಿದ್ದರು. ಇದು ಬರೀ ಹೆದರಿಕೆಯಲ್ಲ. ಹೆದರಿಕೆಯ ಹಿಂದೆ ಇನ್ನೇನೋ ಕೂತಿತ್ತು. ಅದು ಆಸೆಯೆಂದು ಅವರಿಗೆ ಹೊಳೆಯಿತು.

ಇಬ್ಬರೂ ರುಚಿ ಕೋಣೆಗೆ ಹೋದರು.

ಬಾಗಿಲಿಗೆ ಕಪ್ಪು ಪರದೆ. ಒಳಗೆ ಕಿಟಕಿಯಿಲ್ಲ. ಗೋಡೆಗೆ ಒತ್ತಿಕೊಂಡು ಐದು ಗೂಡುಗಳು, ನಡುವೆ ಹಲಗೆ, ಒಬ್ಬರಿಗೆ ಇನ್ನೊಬ್ಬರ ಮುಖ ಕಾಣದ ಹಾಗೆ. ಪ್ರತಿ ಗೂಡಿನಲ್ಲೂ ಒಂದು ಸ್ಟೂಲು, ಉಗುಳುವ ಬೋಗುಣಿ, ದಾರ ಕಟ್ಟಿದ ಕಪ್ಪು ಪೆನ್ನು. ಎದುರಿಗೆ ಮುಚ್ಚಳವಿರುವ ಸಣ್ಣ ಕಿಂಡಿ. ಕಿಂಡಿಯಾಚೆಯ ಕೋಣೆಯಿಂದ ಹಾಳೆಯಮ್ಮ ಗ್ಲಾಸು ದಾಟಿಸುತ್ತಾಳೆ. ಐದನೆಯ ಗೂಡು ಬಾಗಿಲ ಪಕ್ಕ. ಒಳಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಅದನ್ನು ಸವರಿಕೊಂಡೇ ಹೋಗಬೇಕು. ಅದರ ಸ್ಟೂಲಿನ ಮೆತ್ತೆಯ ಮೇಲೆ ಯಾರೋ ಈಗಷ್ಟೇ ಎದ್ದುಹೋದಂತೆ ಗುಳಿ ಬಿದ್ದಿತ್ತು.

ಅವಳು ಸ್ವಿಚ್ ಒತ್ತಿದಳು. ಕೋಣೆ ಪೂರ್ತಿ ಕೆಂಪಾಯಿತು. ಬಣ್ಣ ಕಂಡರೆ ಕಣ್ಣು ನಾಲಿಗೆಗೆ ಚಾಡಿ ಹೇಳುತ್ತದೆ, ಜೇನಿನ ಬಣ್ಣ ಕಂಡಕೂಡಲೇ ಸಿಹಿ ಅನಿಸಿಬಿಡುತ್ತದೆ, ಅದಕ್ಕೆ ಈ ಬೆಳಕು ಎಂದು ವಿವರಿಸಿದಳು. ಮೇಷ್ಟ್ರು ಅವಳತ್ತ ತಿರುಗಿದವರು ಒಂದು ಹೆಜ್ಜೆ ಹಿಂದೆ ಸರಿದರು. ಅವಳ ಮುಖದಲ್ಲಿ ತುಟಿಯೇ ಇರಲಿಲ್ಲ. ಮಾತು ಬರುತ್ತಿತ್ತು, ಬಾಯಿ ಕಾಣುತ್ತಿರಲಿಲ್ಲ. ಮೂಲೆಯಲ್ಲಿ ಬೆಂಕಿ ಆರಿಸುವ ಸಿಲಿಂಡರು ಬೂದಿ ಬಳಿದುಕೊಂಡಂತೆ ಬಿಳಿಚಿಕೊಂಡು ನಿಂತಿತ್ತು.

“ಮೊದಲ ಸಲ ಎಲ್ಲರಿಗೂ ಹಾಗೇ ಆಗುತ್ತೆ ಮಾವ,” ಅಂದಿತು ತುಟಿಯಿಲ್ಲದ ಮುಖ. “ಆಮೇಲೆ ಅಭ್ಯಾಸ ಆಗುತ್ತೆ.”

ಮೇಷ್ಟ್ರು ಐದನೆಯ ಸ್ಟೂಲಿನ ಮೇಲೆ ಕೂತರು. ಕೂರುವಾಗ ಯಾರದೋ ತೊಡೆಯ ಮೇಲೆ ಕೂತಂತೆ ಮನಸ್ಸು ಹಿಂಜರಿಯಿತು. ಕಿಂಡಿಯಿಂದ ಎರಡು ಗ್ಲಾಸು ಬಂದವು. ಎರಡರಲ್ಲೂ ಮಸಿಯಂಥ ಕಪ್ಪು ನೀರು. ಕುಡಿಯುವುದು ಬೇಡ, ಮೂಸಿ, ನಾಲಿಗೆಗೆ ತಾಗಿಸಿ ಉಗುಳಿದರೆ ಸಾಕು ಎಂದು ಕಿಂಡಿಯಾಚೆಯಿಂದ ದನಿ ಬಂತು. ನ್ಯಾಯಕ್ಕಾಗಿ ಇದೂ ಆಗಲಿ ಎಂದು ಮೇಷ್ಟ್ರು ಮೂಗು ಬಗ್ಗಿಸಿದರು.

ಮೊದಲನೆಯದರಲ್ಲಿ ಕಾದ ಸಕ್ಕರೆಯ ವಾಸನೆ ಬಂತು. ಅದರ ಬೆನ್ನಿಗೆ ಸುಟ್ಟ ಬ್ರೆಡ್ಡಿನ ಅಂಚು, ದೂರದಲ್ಲೆಲ್ಲೋ ಕಿತ್ತಳೆ ಸಿಪ್ಪೆ, ಲವಂಗ. ಬಾಯಿಗೆ ತಾಗಿಸಿದಾಗ ಮೂಗಿಗೆ ಸಿಕ್ಕಷ್ಟು ನಾಲಿಗೆಗೆ ಸಿಗಲಿಲ್ಲ. ತೆಳ್ಳಗೆ, ಕೊನೆಯಲ್ಲೊಂದು ಹದವಾದ ಕಹಿ. ಸಾವಿರಗಟ್ಟಲೆ ಪೆಟ್ಟಿಗೆಯ ಮಾಲು, ಯಾರಿಗೂ ಬೇಡವಾಗಬಾರದು, ಅದಕ್ಕೇ ಯಾವುದೂ ಮುಂದೆ ಬಂದು ನಿಲ್ಲುವುದಿಲ್ಲ ಎಂದಳು. ಎಪ್ಪತ್ತು ಅಂಕದ ಹುಡುಗ, ಮೇಷ್ಟ್ರು ಅಂದುಕೊಂಡರು. ತರಲೆಯಿಲ್ಲ, ಪ್ರತಿಭೆಯೂ ಇಲ್ಲ.

ಎರಡನೆಯದಕ್ಕೆ ಮೂಗು ಒಡ್ಡಿದವರು ತಲೆ ಎತ್ತಿದರು.

“ಇದೇನೇ, ಬೆಣ್ಣೆ ಕಾಯಿಸಿದ ಬಾಣಲೆ ವಾಸನೆ?”

“ಮೊದಲನೆಯದು ಹೋದ ತಿಂಗಳ ಮಾಲು, ಇದು ಇವತ್ತಿನ ಟ್ಯಾಂಕು. ಬೇಗ ಎಬ್ಬಿಸಿದ್ರೆ ಬರೋ ದೋಷ. ಸಾಕಷ್ಟು ದಿನ ಮಲಗಿದ್ರೆ ಬಿಯರು ತಾನೇ ಅದನ್ನ ಅರಗಿಸಿಕೊಳ್ಳುತ್ತೆ.”

“ಜನ್ಮದಲ್ಲಿ ಕುಡಿಯದ ನನಗೇ ಸಿಕ್ಕಿತು. ನಿಮ್ಮ ಅಜ್ಜನಿಗೆ ಬಾಗಿಲಲ್ಲೇ ಸಿಕ್ತಿತ್ತೇನೋ.”

ಕಿಂಡಿಯಾಚೆ ಒಂದು ಗ್ಲಾಸು ಇನ್ನೊಂದಕ್ಕೆ ತಾಗಿದ ಸಪ್ಪಳ. ಆಮೇಲೆ, “ಹ್ಞೂಂ,” ಎಂದು ಒಂದು ತೆಳ್ಳನೆ ಉತ್ತರ. ಮೂವತ್ತು ವರ್ಷ ಇಂಥ ‘ಹ್ಞೂಂ’ಗಳನ್ನು ಕೇಳಿದ್ದ ಮೇಷ್ಟ್ರ ಕಿವಿ ನೆಟ್ಟಗಾಯಿತು.

ಗುರುತು ಹಾಕಿಕೊಳ್ಳೋಣವೆಂದು ಜೇಬಿನಲ್ಲಿ ಯಾವತ್ತೂ ಇರುವ ಕೆಂಪು ಪೆನ್ಸಿಲ್ ತೆಗೆದು, ಎದುರಿಗಿದ್ದ ಹಾಳೆಯ ಮೇಲೆ ಬರೆದರು. ಏನೂ ಮೂಡಲಿಲ್ಲ. ಮೊನೆ ಮುರಿದಿದೆಯೆಂದು ಒತ್ತಿ ಬರೆದರು. ಪೆನ್ಸಿಲ್ಲು ಕಾಗದದ ಮೇಲೆ ಕರಕರ ಓಡುತ್ತಿತ್ತು, ಕಾಗದ ಮಾತ್ರ ಬೆಳ್ಳಗೆ ಹಾಗೇ ಇತ್ತು. ಹಾಳೆ ಹಿಡಿದು ಪರದೆ ಸರಿಸಿ ಹಜಾರಕ್ಕೆ ಬಂದರು.

ಹಜಾರದ ಬೆಳಕಿನಲ್ಲಿ ಅಕ್ಷರಗಳು ಎದ್ದು ಕೂತಿದ್ದವು. ‘ಎರಡನೆಯದು ಬೆಣ್ಣೆ.’ ಅದರ ಮೇಲೇ ಮತ್ತೊಮ್ಮೆ ‘ಎರಡನೆಯದು ಬೆಣ್ಣೆ.’ ಸಾಲಿನ ಮೇಲೆ ಸಾಲು ಹತ್ತಿ, ಓರೆಕೋರೆಯಾಗಿ, ನಡುಗುವ ಮುದುಕನ ಕೈಯಿಂದ ಬರೆದ ಹಾಗೆ. ಕಪ್ಪು ಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಕೈ ಅವರದು.

ಮೇಷ್ಟ್ರು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. ಅಕ್ಕನ ಮಗಳಿಗೆ ಹೇಳಲಿಲ್ಲ. ಹೇಗೆ ಎನ್ನುವುದು ತಿಳಿದಿತ್ತು, ಯಾರು ಎನ್ನುವುದು ತಿಳಿದಿರಲಿಲ್ಲ. ಸತ್ತವನು ಬಂದು ಬರೆದಿದ್ದರೆ ಒಂದು ಥರ. ಸತ್ತವನ ಕೈ ತೊಟ್ಟುಕೊಂಡು ಬದುಕಿರುವವನೊಬ್ಬ ಆ ಕೆಂಪು ಕತ್ತಲಲ್ಲಿ ದಿನಾ ಕೂರುತ್ತಿದ್ದಾನೆ ಎನ್ನುವುದು ಅವರಿಗೆ ಅದಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ರುಚಿ ನೋಡುವ ನಾಲ್ವರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರು.

ಮೊದಲ ಗೂಡಿನವರು ಬ್ರೂಮಾಸ್ಟರ್. ಎತ್ತರದ ಆಳು, ಕೈಕಟ್ಟಿಕೊಂಡೇ ಮಾತು. ಮೂರೂ ದಿನ ತಾನು ಎಂಟು ಅಂಕ ಕೊಟ್ಟಿದ್ದೇನೆ, ಬಿಯರಿನಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ ಎಂದರು. ಟ್ಯಾಂಕುಗಳು ಪೂರ್ತಿ ಮಲಗಿದ್ದವೇ ಎಂದು ಕೇಳಿದ್ದಕ್ಕೆ, ಇಪ್ಪತ್ತೊಂದು ದಿನ, ಬೇಕಾದರೆ ಸ್ಲೇಟು ನೋಡಿಕೊಳ್ಳಿ ಎಂದು ಕೈ ಬೀಸಿದರು. ನಿಮ್ಮ ಸೊಸೆಗೆ ಮುದುಕನ ಹುಚ್ಚು, ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಅಂತಲೂ ಸೇರಿಸಿದರು.

ಎರಡನೆಯ ಗೂಡಿನ ಲ್ಯಾಬಿನವಳು ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. ಏಳು ಅಂಕ ಕೊಟ್ಟಿದ್ದಳಂತೆ. “ಏನೋ ಸ್ವಲ್ಪ ಅನ್ನಿಸಿತ್ತು ಸಾರ್. ಆದ್ರೆ ಸ್ಲೇಟಲ್ಲಿ ಇಪ್ಪತ್ತೊಂದು ದಿನ ಅಂತಿತ್ತು. ದೊಡ್ಡವರೂ ಚೆನ್ನಾಗಿದೆ ಅಂತ ಹೇಳ್ಕೊಂಡೇ ಒಳಗೆ ಹೋದ್ರು. ನನ್ನ ಮೂಗೇ ಕೆಟ್ಟಿರಬೇಕು ಅಂದ್ಕೊಂಡೆ.” ಮೂರನೆಯ ಗೂಡಿನ ಪ್ಯಾಕಿಂಗ್‌ನವರು ಹೊಟ್ಟೆ ಕುಲುಕಿಸಿ ನಕ್ಕರು. ಒಂಬತ್ತು ವರ್ಷದಲ್ಲಿ ಏಳು ಬಿಟ್ಟು ಬೇರೆ ಅಂಕ ಕೊಟ್ಟವರೇ ಅಲ್ಲವಂತೆ. ಏಳು ಕೊಟ್ಟರೆ ಯಾರೂ ಯಾಕೆ ಎಂದು ಕೇಳುವುದಿಲ್ಲ ಎನ್ನುವುದು ಅವರ ಸಿದ್ಧಾಂತ. ಆದರೆ ಅಜ್ಜನ ಮಾತು ಬಂದಾಗ ಆ ನಗು ಪಕ್ಕನೆ ಆರಿತು. ಬಾಗಿಲು ದಾಟುವಾಗ ಆ ಸ್ಟೂಲಿನ ಕಡೆ ತಾನು ನೋಡುವುದಿಲ್ಲ ಎಂದರು.

ನಾಲ್ಕನೆಯವನು ತಣ್ಣನೆ ಕೋಣೆಯಲ್ಲಿದ್ದ. ಬ್ರೂಮಾಸ್ಟರ್ ಹೆಂಡತಿಯ ತಮ್ಮ. ನಲವತ್ತು ದಾಟಿದ ಮನುಷ್ಯ, ಹದಿನೈದು ವರ್ಷದಿಂದ ಟ್ಯಾಂಕು ಕಾಯುತ್ತಿದ್ದಾನೆ. ಆದರೂ ಮ್ಯಾನೇಜರಿನಿಂದ ಗೇಟಿನವನವರೆಗೆ ಎಲ್ಲರೂ ಕರೆಯುವುದು ಭಾಮೈದ ಅಂತಲೇ. ಅವನ ಹೆಸರು ಗೊತ್ತಿದ್ದವರು ಕಡಿಮೆ.

ಆಳೆತ್ತರದ ಟ್ಯಾಂಕುಗಳು ಎರಡು ಸಾಲಾಗಿ ಉಸಿರು ಬಿಗಿಹಿಡಿದಂತೆ ನಿಂತಿದ್ದವು. ಒಳಗೆ ಸಾವಿರಾರು ಲೀಟರು ಮಲಗಿತ್ತು, ಗೋಡೆಯಿಂದ ನೀರು ಬೆವರುತ್ತಿತ್ತು. ಇಬ್ಬರಿಗೂ ತಾವಾಗಿಯೇ ಪಿಸುದನಿ ಬಂತು. ಪ್ರತಿ ಟ್ಯಾಂಕಿಗೂ ಒಂದು ಸ್ಲೇಟು: ಮಲಗಿಸಿದ ದಿನ, ಎಬ್ಬಿಸುವ ದಿನ. ತೇವಕ್ಕೆ ಸೀಮೆಸುಣ್ಣ ನಿಲ್ಲುವುದಿಲ್ಲವೆಂದು ಮೇಣದ ಬಳಪದಲ್ಲಿ ಬರೆಯುತ್ತಾರೆ. ಇವತ್ತು ಖಾಲಿಯಾದ ಟ್ಯಾಂಕಿನ ಮುಂದೆ ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. ಸರಿಯಾಗಿ ಇಪ್ಪತ್ತೊಂದು. ಮತ್ತೊಮ್ಮೆ ಎಣಿಸಿದರು. ಆಗಲೂ ಇಪ್ಪತ್ತೊಂದು.

“ಸ್ಲೇಟು ಬರೆಯೋದು ಯಾರು?”

“ನಾನೇ.”

“ಇವತ್ತಿನ ಟ್ಯಾಂಕಿಗೆ ಎಷ್ಟು ಅಂಕ ಕೊಟ್ಟೆ?”

“ಏಳು.” ಟ್ಯಾಂಕಿನ ಕಡೆಗೇ ನೋಡುತ್ತ ಹೇಳಿದ.

“ಅಜ್ಜ ಬಂದಿದ್ರು ಅಂತ ನಂಬ್ತೀಯಾ?”

ಭಾಮೈದ ಟ್ಯಾಂಕಿನ ಮೇಲಿನ ತೇವವನ್ನು ಅಂಗೈಯಿಂದ ಒರೆಸಿದ. “ಬಂದಿದ್ರೆ ಚೆನ್ನಾಗಿರ್ತಿತ್ತು ಸಾರ್. ಅವರ ಮಾತನ್ನ ಎಲ್ಲರೂ ಕೇಳ್ತಿದ್ರು.”

ಸಂಜೆಯವರೆಗೂ ಮೇಷ್ಟ್ರು ಅಕ್ಕನ ಮಗಳ ಮೇಜಿನಲ್ಲಿ ಕೂತು ಹಳೆಯ ಹಾಳೆಗಳ ಕಟ್ಟು ಬಿಚ್ಚಿದರು. ಹನ್ನೊಂದು ವರ್ಷದ ಅಜ್ಜನ ಹಾಳೆಗಳು, ಜೊತೆಗೆ ಉಳಿದ ಗೂಡುಗಳವೂ. ಒದ್ದೆ ರಟ್ಟು, ಹುಳಿ, ಕಬ್ಬಿಣ, ಬೆಂದ ಜೋಳ, ಬಿಸಿಲಿಗಿಟ್ಟ ಬಾಟಲಿ—ಮುದುಕ ಏನನ್ನೂ ಬಿಟ್ಟಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದಿದವರಿಗೆ ಒಂದು ಚಾಳಿಯಿರುತ್ತದೆ. ಹುಡುಗ ಏನು ಬರೆದಿದ್ದಾನೆ ಎನ್ನುವುದಕ್ಕಿಂತ ಯಾವ ಪ್ರಶ್ನೆಯನ್ನು ಯಾವತ್ತೂ ಮುಟ್ಟುವುದಿಲ್ಲ ಎಂದು ನೋಡುತ್ತಾರೆ. ಮೇಷ್ಟ್ರು ಒಂದೇ ಒಂದು ಪದಕ್ಕಾಗಿ ಹನ್ನೊಂದು ವರ್ಷ ಜಾಲಾಡಿದರು. ಕೊನೆಯ ಕಟ್ಟು ಕಟ್ಟಿಟ್ಟು ಕನ್ನಡಕ ತೆಗೆದರು.

“ಪುಟ್ಟಿ, ನಿನ್ನ ಕೆಲಸ ಉಳಿಸೋ ಮಾತೊಂದು ನಿನ್ನ ಹತ್ರಾನೇ ಇದೆ. ಯಾಕೆ ಹೇಳ್ಲಿಲ್ಲ?”

ಮಾತು ಕೊಟ್ಟಿದ್ದೇನೆ ಮಾವ ಎಂದಷ್ಟೇ ಹೇಳಿದಳು. ಯಾರಿಗೆ ಎಂದು ಅವರು ಕೇಳಲಿಲ್ಲ.

ಮರುದಿನ ಹತ್ತೂವರೆಗೆ ಎಲ್ಲರೂ ರುಚಿ ಕೋಣೆಯಲ್ಲಿ ಸೇರಿದರು. ಮ್ಯಾನೇಜರ್, ಬ್ರೂಮಾಸ್ಟರ್, ಲ್ಯಾಬಿನವಳು, ಪ್ಯಾಕಿಂಗ್‌ನವರು, ಭಾಮೈದ. ಬಾಗಿಲ ಬಳಿ ರಾಜೀನಾಮೆಯ ಕವರು ಹಿಡಿದು ಹಾಳೆಯಮ್ಮ. ಕೆಂಪು ಬೆಳಕಿನಲ್ಲಿ ತುಟಿಯಿಲ್ಲದ ಆರು ಮುಖಗಳು ಮೇಷ್ಟ್ರನ್ನೇ ನೋಡುತ್ತಿದ್ದವು. ಮೇಷ್ಟ್ರು ಪ್ರಶ್ನೆಪತ್ರಿಕೆ ಹಂಚುವಂತೆ ಒಂದೊಂದು ಹಾಳೆ ಹಂಚಿ, ಓದಿ ಎಂದರು.

“ಖಾಲಿ ಇದೆಯಲ್ಲ?” ಮ್ಯಾನೇಜರ್ ಎರಡೂ ಬದಿ ತಿರುಗಿಸಿ ನೋಡಿದರು.

“ಪುಟ್ಟಿ, ಗುಡಿಸೋವಾಗ ಹಾಕೋ ಟ್ಯೂಬ್‌ಲೈಟ್ ಹಾಕಮ್ಮ.”

ಬೆಳಕು ಎರಡು ಸಲ ಮಿಟುಕಿ ಹೊತ್ತಿತು. ಲ್ಯಾಬಿನವಳ ಕೈಯಿಂದ ಹಾಳೆ ಜಾರಿ ಬಿತ್ತು. ಎಲ್ಲರ ಹಾಳೆಯಲ್ಲೂ ನಡುಗುವ ಕೆಂಪಕ್ಷರ—‘ಬರೆದವರು ಬದುಕಿದ್ದಾರೆ.’ ಮೂಲೆಯ ಸಿಲಿಂಡರು ಮತ್ತೆ ಕೆಂಪಾಗಿತ್ತು.

ಮೇಷ್ಟ್ರು ನಿಧಾನವಾಗಿ ಬಿಡಿಸಿದರು. 

“ಕೆಂಪು ಬೆಳಕಿನಲ್ಲಿ ಬಿಳಿ ಕಾಗದವೂ ಕೆಂಪು, ಕೆಂಪು ಅಕ್ಷರವೂ ಕೆಂಪು. ನಿಮ್ಮ ತುಟಿ ಕಾಣದೆ ಹೋಗೋದು ಹೇಗೋ ಹಾಗೆ. ಬರೆದವರು ತಮ್ಮ ಗೂಡಿನಲ್ಲೇ ಕೂತು, ತಮ್ಮ ಗ್ಲಾಸನ್ನೇ ಕುಡಿದು ಬರೆದಿದ್ದಾರೆ. ಅದಕ್ಕೇ ಅಜ್ಜನ ಗ್ಲಾಸು ತುಂಬಿದ ಹಾಗೇ ಇರ್ತಿತ್ತು. ಒಳಗೆ ಬರೋವಾಗ ಐದನೇ ಗೂಡಿನ ಹಾಳೆ ಎತ್ತಿಕೊಂಡು ಹೋಗಿದ್ದಾರೆ, ಹೊರಗೆ ಹೋಗೋವಾಗ ಬರೆದದ್ದನ್ನ ವಾಪಸ್ ಅಲ್ಲೇ ಇಟ್ಟಿದ್ದಾರೆ, ಅಷ್ಟೇ. ತಾನು ಬರೆದದ್ದು ತನಗೇ ಕಾಣದೆ ಬರೆದ್ರೆ ಯಾರ ಅಕ್ಷರ ಆದ್ರೂ ಹೀಗೆ ನಡುಗುತ್ತೆ. ಅದನ್ನ ನೀವು ಅಜ್ಜನ ಕೈ ಅಂದ್ಕೊಂಡ್ರಿ.”

“ಸರಿ, ಕೆಂಪು ಪೆನ್ಸಿಲ್ ಇರೋದು ನಿಮ್ಮ ಸೊಸೆ ಹತ್ರ,” ಬ್ರೂಮಾಸ್ಟರ್ ಅಂದರು. “ನೀವೇ ಹಿಡಿದುಕೊಟ್ಟ ಹಾಗಾಯ್ತು.”

“ಹೌದು. ಅದಕ್ಕೇ ನಾನೂ ಮೊದಲು ಅವಳನ್ನೇ ಅನುಮಾನಿಸಿದೆ.” ಮೇಷ್ಟ್ರು ಮೂರನೆಯ ಹಾಳೆಯನ್ನು ಎತ್ತಿ ಹಿಡಿದರು. “ಇದರಲ್ಲಿ ಮೊದಲನೇ ಪದ ಏನು?”

“ಬೆಣ್ಣೆ,” ಅಂದರು ಮ್ಯಾನೇಜರ್.

“ಮೂರೂ ಹಾಳೆಯಲ್ಲಿ ಅದೇ ಮೊದಲು. ಎಲ್ಲರೂ ಓದಿದ್ರಿ, ಯಾರೂ ನೋಡ್ಲಿಲ್ಲ. ಹನ್ನೊಂದು ವರ್ಷದಲ್ಲಿ ನಿಮ್ಮ ನೊರೆಯಜ್ಜ ‘ಬೆಣ್ಣೆ’ ಅಂತ ಒಂದೇ ಒಂದು ಸಲ ಬರೆದಿಲ್ಲ. ಮಿಕ್ಕವರು ಬೆಣ್ಣೆ ಅಂತ ಬರೆದ ಒಂಬತ್ತು ದಿನ ಅವರು ‘ಚೆನ್ನಾಗಿದೆ’ ಅಂತ ಬರೆದಿದ್ದಾರೆ. ಲೋಕದ ವಾಸನೆಯೆಲ್ಲ ಹಿಡಿಯೋ ಮೂಗಿಗೆ ಆ ಒಂದು ವಾಸನೆ ಹತ್ತುತ್ತಿರಲಿಲ್ಲ. ಕೆಲವರ ಮೂಗು ಹುಟ್ಟಿನಿಂದಲೇ ಹಾಗೆ. ಅಲ್ವೇನಮ್ಮ?”

ಹಾಳೆಯಮ್ಮ ಕೊನೆಗೂ ಬಾಯಿ ಬಿಟ್ಟಳು. ಅಜ್ಜ ಅದನ್ನು ಅವಳೊಬ್ಬಳಿಗೇ ಹೇಳಿದ್ದರು. ಒಬ್ಬನ ನಾಲಿಗೆಯನ್ನು ನಂಬಬಾರದು, ಅದಕ್ಕೇ ಐದು ಗೂಡು ಬೇಕು ಎಂದು ಕಲಿಸುವಾಗ ತಮ್ಮನ್ನೇ ಉದಾಹರಣೆ ಕೊಟ್ಟು, ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡಿದ್ದರು. ಹಾಗಾದರೆ ಹಾಳೆಯಲ್ಲಿ ಬೆಣ್ಣೆ ಕಂಡಾಗ ನಿನಗೆ ಅನುಮಾನ ಬರಲಿಲ್ಲವೇ ಎಂದು ಮ್ಯಾನೇಜರ್ ಕೇಳಿದರು.

“ಬಂತು.” ಅವಳು ನೆಲ ನೋಡಿದಳು. “ಸತ್ತ ಮೇಲೆ ಎಲ್ಲ ಸರಿಹೋಗಿರಬಹುದು ಅಂದ್ಕೊಂಡೆ.”

“ನೋಡಿ,” ಮೇಷ್ಟ್ರು ಹಾಳೆಯನ್ನು ಕೆಳಗಿಟ್ಟರು. “ಇಬ್ಬರು ಹುಡುಗರು ಒಂದೇ ತಪ್ಪು ಬರೆದ್ರೆ ಅದು ಕಾಪಿ, ನಮ್ಮ ಸ್ಕ್ವಾಡಿನ ಮೊದಲ ಪಾಠ ಅದು. ಇಲ್ಲಿ ಉಲ್ಟಾ ಆಗಿದೆ. ಕಾಪಿ ಮಾಡಿದವನು ಅಜ್ಜನಿಗೆ ಬಾರದ ಸರಿ ಉತ್ತರ ಬರೆದುಬಿಟ್ಟ. ಅಜ್ಜನ ಹೆಸರಲ್ಲಿ ಇವಳೇ ಬರೆಯೋದಾಗಿದ್ರೆ ಬೆಣ್ಣೆ ಅಂತ ಸತ್ತರೂ ಬರೀತಿರಲಿಲ್ಲ. ಅವರ ಕೊರತೆ ಗೊತ್ತಿದ್ದವಳು ಇವಳೊಬ್ಬಳೇ. ಬರೆದದ್ದು ಅದು ಗೊತ್ತಿಲ್ಲದವರು.”

“ಹಾಗಾದ್ರೆ ಯಾರು?”

“ಹಾಳೇನೇ ಹೇಳುತ್ತೆ. ನಾಲ್ಕು ದಿನ. ನಾಲಿಗೆಗೆ ಬೆಣ್ಣೆ ಸಿಗುತ್ತೆ, ಅವಸರ ಸಿಗುತ್ತೆ. ಮೂರು ದಿನವೋ ನಾಲ್ಕು ದಿನವೋ ಅಂತ ಯಾವ ನಾಲಿಗೆ ಹೇಳುತ್ತೆ? ಸ್ಲೇಟಿನಲ್ಲಿ ಇಪ್ಪತ್ತೊಂದು ದಿನ ಇದೆ. ಅದನ್ನ ಓದಿದವರಿಗೆ ದಿನ ಕಡಿಮೆ ಅಂತ ಹೊಳೆಯೋಕೇ ಸಾಧ್ಯವಿಲ್ಲ. ಸ್ಲೇಟು ಸುಳ್ಳು ಅಂತ ಗೊತ್ತಿರೋದು ಇಬ್ಬರಿಗೆ—ಬರೆಸಿದವರಿಗೆ, ಬರೆದವರಿಗೆ. ಬರೆಸಿದವರು ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಳ್ಳಲ್ಲ.” ಮೇಷ್ಟ್ರು ತಿರುಗಿದರು. “ತಣ್ಣನೆ ಕೋಣೆಯ ಸ್ಲೇಟುಗಳ ಮೇಲೆ ಮೇಣದ ಬಳಪದಲ್ಲಿ ಬರೀತೀಯಲ್ಲಪ್ಪ, ಅದರ ಬಣ್ಣ ಯಾವುದು?”

ಭಾಮೈದ ಜೇಬಿಗೆ ಕೈಹಾಕಿ, ಅರ್ಧ ಸವೆದ ಕೆಂಪು ಬಳಪವನ್ನು ತೆಗೆದು ಐದನೆಯ ಗೂಡಿನ ಹಲಗೆಯ ಮೇಲಿಟ್ಟ.

“ಏನೋ ಇದು?” ಬ್ರೂಮಾಸ್ಟರ್ ಮುಂದೆ ಬಂದರು.

“ನೀವೇ ಹೇಳಿದ್ರಿ ಭಾವ. ಬೇಸಿಗೆ, ಮಾಲು ಸಾಲ್ತಿಲ್ಲ, ನಾಲ್ಕು ದಿನ ಮುಂಚೆ ಎಬ್ಬಿಸು, ಸ್ಲೇಟು ಹಿಂದಿನ ತಾರೀಖಿಂದ ಬರೀ ಅಂತ.” ಅವನು ಮೇಷ್ಟ್ರ ಕಡೆ ತಿರುಗಿದ. “ನಾನು ಬರೆದೆ. ರುಚಿ ನೋಡೋಕೆ ಕೂತ್ರೆ ಬಾಯಿ ತುಂಬ ಬೆಣ್ಣೆ. ಏಳು ಅಂತ ಹಾಕಿದೆ. ಮೂರು ಅಂತ ಹಾಕಿದ್ರೆ ನನ್ನ ಕೆಲಸ ಹೋಗೋದಿರಲಿ, ಮನೆಯಲ್ಲಿ ನಮ್ಮಕ್ಕ ಅನ್ನ ನೀರು ಬಿಟ್ಟು ಕೂರ್ತಾಳೆ. ಸತ್ತವರನ್ನ ಯಾರೂ ಕೆಲಸದಿಂದ ತೆಗೆಯೋಕಾಗಲ್ಲ ಸಾರ್. ಸತ್ತವರಿಗೆ ಅಕ್ಕನ ಭಯ ಇರಲ್ಲ.”

ಹಾಳೆಯಮ್ಮ ಮುಂದೆ ಬಂದಳು. ಕವರು ಅವಳ ಕೈಯಲ್ಲೇ ಇತ್ತು. “ನನಗೆ ಅಕ್ಕ ಇಲ್ಲ. ಈ ಕೆಲಸ ಒಂದಿತ್ತು. ಇವತ್ತು ಹನ್ನೊಂದಕ್ಕೆ ನಾನು ಹೋಗ್ತಿದ್ನಲ್ಲ, ಆಗ್ಲಾದ್ರೂ ಬಾಯಿ ಬಿಡ್ತಿದ್ರಾ?”

ಬಿಡುತ್ತಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ.

“ಗೊತ್ತಿಲ್ಲ,” ಅಂದ. “ಎಲ್ಲರೂ ಅಜ್ಜನ ಮಾತು ಕೇಳ್ತಾರೆ, ಟ್ಯಾಂಕು ನಿಲ್ಲಿಸ್ತಾರೆ ಅಂತಷ್ಟೇ ಅಂದ್ಕೊಂಡಿದ್ದೆ. ಬರೆದ ಕೈ ಹುಡುಕ್ತಾರೆ ಅಂತ, ಅದು ನಿಮ್ಮ ಕೈ ಅಂತಾರೆ ಅಂತ ಹೊಳೀಲಿಲ್ಲ. ಹೊಳೆದ ಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಆದ್ರೂ ಬಾಯಿ ಬರ್ಲಿಲ್ಲ. ತಪ್ಪಾಯ್ತಮ್ಮ.”

ಮ್ಯಾನೇಜರ್ ಅವಳ ಕೈಯಿಂದ ಕವರು ತೆಗೆದುಕೊಂಡು ಎರಡು ತುಂಡು ಮಾಡಿದರು. ಬ್ರೂಮಾಸ್ಟರಿಗೆ ತಮ್ಮ ಕೋಣೆಗೆ ಬರಲು ಹೇಳಿದರು. ಬಾಟಲಿ ತುಂಬುವುದನ್ನು ನಿಲ್ಲಿಸಿ ಎಂದು ಪ್ಯಾಕಿಂಗ್‌ನವರಿಗೆ ಹೇಳಿ ಹೋದರು. ಭಾಮೈದನ ವಿಚಾರ ಆಮೇಲೆ ನೋಡೋಣ, ಇವತ್ತಿನ ರುಚಿ ಇವತ್ತೇ ಆಗಬೇಕು ಎಂಬುದು ಬಾಗಿಲಲ್ಲಿ ಅವರು ಕೊನೆಗೆ ಹೇಳಿದ ಮಾತು.

ಹನ್ನೊಂದಕ್ಕೆ ಟ್ಯೂಬ್‌ಲೈಟ್ ಆರಿತು, ಕೋಣೆ ಕೆಂಪಾಯಿತು. ಮೊದಲ ಗೂಡು ಖಾಲಿ, ಮೂವರು ಕೂತರು. ಹಾಳೆಯಮ್ಮ ಅಭ್ಯಾಸದಂತೆ ಐದನೆಯ ಗೂಡಿಗೂ ಒಂದು ಗ್ಲಾಸು ದಾಟಿಸಿದಳು, ಒಂದು ಹಾಳೆ ಇಟ್ಟಳು. ಮೇಷ್ಟ್ರು ಹಜಾರದ ಬೆಂಚಿನಲ್ಲಿ ಬಸ್ಸಿನ ಹೊತ್ತು ಕಾಯುತ್ತಿದ್ದರು.

ಅರ್ಧ ಗಂಟೆಯ ಮೇಲೆ ಅವಳು ಹಾಳೆಗಳ ಜೊತೆ ಹೊರಗೆ ಬಂದು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಲ್ಯಾಬಿನವಳು ನಾಲ್ಕು ಕೊಟ್ಟಿದ್ದಳು. ಪ್ಯಾಕಿಂಗ್‌ನವರು ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಏಳನ್ನು ಹೊಡೆದು ಐದು ಮಾಡಿದ್ದರು. ನಾಲ್ಕನೆಯ ಗೂಡಿನ ಹಾಳೆಯಲ್ಲಿ ಕಪ್ಪು ಶಾಯಿ, ನೆಟ್ಟಗಿನ ಅಕ್ಷರ—‘ಬೆಣ್ಣೆ. ಮೂರು.’ ಕೆಳಗೆ ಯಾರೂ ಕರೆಯದ ತನ್ನ ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿದ್ದ.

ಐದನೆಯ ಹಾಳೆಯನ್ನು ಅವಳು ಕೆಳಗಿಡಲಿಲ್ಲ. ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಕಿಟಕಿಯ ಹತ್ತಿರ ಹೋಗಿ ಬಿಸಿಲಿಗೆ ಹಿಡಿದಳು. ಬೆಳ್ಳನೆ ಕಾಗದ, ‘ಗೂಡು ಐದು’ ಎಂಬ ಅಚ್ಚು, ಮತ್ತೇನಿಲ್ಲ.

ಮೇಷ್ಟ್ರು ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟರು. ಆರು ವಾರದಿಂದ ಅಳದೇ ಇದ್ದವಳು ಆ ಖಾಲಿ ಹಾಳೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಇವತ್ತು ಹೋದ್ರು ಮಾವ,” ಅಂದಳು.